ನರ್ತಕನ ಕಲ್ಲು, ನನ್ನ ಬಲಗಾಲು

ಎರಡು ಸ್ವತಂತ್ರ ಆಧಾರಗಳು ಸಿಗದ ಹೊರತು ನಾನು ಯಾವ ಮಾತನ್ನೂ ಒಪ್ಪಿದವನಲ್ಲ. ಶಾಸನಗಳ ಸಂಶೋಧನೆಯಲ್ಲಿ ಕೂದಲು ನೆರೆಸಿಕೊಂಡು ನಿವೃತ್ತನಾದ ಮೇಲೂ ಈ ಶಿಸ್ತನ್ನು ಬಿಟ್ಟಿಲ್ಲ. ಚಿತ್ರದುರ್ಗದ ನಮ್ಮ ಮನೆಗೆ ಮದುವೆಯ ಕರೆಯೋಲೆ ಬಂದರೆ ಅದರಲ್ಲಿನ ತಿಥಿಯನ್ನೂ ವಾರವನ್ನೂ ಪಂಚಾಂಗದೊಡನೆ ತಾಳೆ ನೋಡಿ, ತಪ್ಪಿದ್ದರೆ ಕರೆದವರಿಗೆ ಫೋನು ಮಾಡಿ ತಿಳಿಸುತ್ತೇನೆ. ಈಚೆಗೆ ನಮಗೆ ಕರೆಯೋಲೆಗಳು ಬರುವುದು ಕಡಿಮೆಯಾಗಿದೆ. ಜನರು ಸರಳ ವಿವಾಹಗಳತ್ತ ವಾಲುತ್ತಿದ್ದಾರೆಂದು ನಾನು ಭಾವಿಸಿದ್ದೇನೆ.

ಇಷ್ಟು ಎಚ್ಚರಿಕೆಯ ಮನುಷ್ಯನಿಗೆ ಒಂದು ಸೊಂಟನೋವು ದೊಡ್ಡ ವಿಷಯವಾಗಬಾರದಿತ್ತು. ಆದರೆ ಅದು ಬಂದದ್ದು ಒಂದು ಕಲ್ಲಿನ ಭವಿಷ್ಯ ತೀರ್ಮಾನವಾಗಬೇಕಿದ್ದ ವಾರದಲ್ಲಿ.

ಹೊಳಲ್ಕೆರೆಯ ದಾರಿಯಲ್ಲಿ ಒಂದು ಊರಿದೆ. ಅದರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿಗೆ ಬರುವವರ ವಾಹನಗಳಿಗೆ ಈಗಾಗಲೇ ಜಾಗ ಸಾಲದಾಗಿದೆ. ಆ ಊರಿನ ಕೆರೆ ಏರಿಯ ಕೆಳಗೆ, ಬೇವಿನ ಮರದ ಬುಡದಲ್ಲಿ, ಎದೆಯೆತ್ತರದ ಕಲ್ಲೊಂದಿದೆ. ಅಕ್ಷರವಿಲ್ಲ, ಶಿಲ್ಪ ಮಾತ್ರ. ಒಬ್ಬ ಗಂಡಸು ಬಲಗಾಲನ್ನು ಮಡಿಸಿ ನೆಲದಿಂದ ತುಸು ಎತ್ತಿದ್ದಾನೆ. ಬಲಗೈ ಸೊಂಟದ ಮೇಲಿದೆ. ಎಡಗೈ ಮೇಲಕ್ಕೆ ಚಾಚಿದೆ. ಮೈ ಎಡಕ್ಕೆ ಬಾಗಿದೆ. ಪಕ್ಕದಲ್ಲಿ ದುಂಡಗಿನದೇನನ್ನೋ ಹಿಡಿದ ಹೆಂಗಸೊಬ್ಬಳಿದ್ದಾಳೆ. ಇವನು ನರ್ತಕ, ಪಕ್ಕದವಳು ತಾಳ ಹಾಕುತ್ತಿದ್ದಾಳೆ, ನರ್ತಕನ ಮುಖದಲ್ಲಿ ಭಾವಪರವಶತೆ ಎದ್ದು ಕಾಣುತ್ತದೆ ಎಂದು ನಾನು ಲೇಖನ ಬರೆದು ಬಹಳ ವರ್ಷಗಳಾದವು.

ಹಿರಿಯೂರಿನ ಓಬಳೇಶಪ್ಪನವರು ಇದನ್ನು ಒಪ್ಪಲಿಲ್ಲ. ಅವರೂ ನನ್ನಂತೆಯೇ ನಿವೃತ್ತ ಸಂಶೋಧಕರು, ನನ್ನಂತೆಯೇ ಮೊಂಡರು. ಅವರ ಪ್ರಕಾರ ಇವನು ಸೊಂಟದ ಕತ್ತಿಗೆ ಕೈಹಾಕಿದ ವೀರ. ಪಕ್ಕದವಳು ಆರತಿ ತಟ್ಟೆ ಹಿಡಿದು ಬೀಳ್ಕೊಡುತ್ತಿರುವ ಮಡದಿ. "ಕತ್ತಿ ಎಲ್ಲಿದೆ?" ಎಂದು ನಾನು ಬರೆದೆ. "ಗೆಜ್ಜೆ ಎಲ್ಲಿದೆ?" ಎಂದು ಅವರು ಬರೆದರು. ಕಲ್ಲು ಸವೆದಿದೆ ಎಂಬುದೇ ಇಬ್ಬರ ಉತ್ತರವೂ ಆಗಿತ್ತು. ಇದಾದ ಮೇಲೆ ನಾವು ಸಭೆಗಳಲ್ಲಿ ಎದುರಾದಾಗ ನಮಸ್ಕಾರವನ್ನು ಮಾತ್ರ ವಿನಿಮಯ ಮಾಡಿಕೊಳ್ಳುತ್ತಿದ್ದೆವು, ಅದೂ ಅರ್ಧ ಕೈಯಲ್ಲಿ.

ಹೀಗಿರುವಾಗ ಆ ಊರಿನ ಪಂಚಾಯಿತಿ ಅಧ್ಯಕ್ಷೆ ಹನುಮಕ್ಕನವರು ಫೋನು ಮಾಡಿದರು.

"ಸಾರ್, ನಿಮ್ಮ ಕಲ್ಲಿಗೆ ಒಂದು ಬೋರ್ಡ್ ಹಾಕಿಸೀವಿ. ನರ್ತಕನ ಕಲ್ಲು ಅಂತ ನೀವು ಬರೆದಂಗೇ ಬರೆಸೀವಿ. ಭಾನುವಾರ ಬೆಳಿಗ್ಗೆ ಪರದೆ ತೆಗೆಯೋದು. ಬಂದು ಕಲ್ಲಿನ ಪಕ್ಕ ನಿಂತು ನಾಕು ಮಾತು ಹೇಳ್ಬೇಕು."

"ಅವಶ್ಯವಾಗಿ" ಎಂದೆ.

"ಹಿರಿಯೂರಿನ ಓಬಳೇಶಪ್ಪಾರೂ ಬರ್ತಾರೆ. ಅವರೂ ಫೋನ್ ಮಾಡಿದ್ರು, ಬೋರ್ಡು ತಪ್ಪೈತೆ ಅಂತ. ನಮಗೆ ಇದೆಲ್ಲ ತಿಳಿಯಲ್ಲ ಸಾರ್. ಯಾರು ಬಂದು ನಿಂತು ಹೇಳ್ತಾರೋ ಅವರದ್ದೇ ಇರ್ಲಿ ಅಂತ ಸದಸ್ಯರೆಲ್ಲ ಮಾತಾಡ್ಕಂಡೀವಿ. ಪೇಂಟರೂ ಡಬ್ಬ ಹಿಡ್ಕಂಡು ಅಲ್ಲೇ ಇರ್ತಾನೆ."

ಅಂದರೆ ನಾನು ಹೋಗದಿದ್ದರೆ ನನ್ನ ಜೀವಮಾನದ ಒಂದೇ ಒಂದು ಶೋಧದ ಮೇಲೆ ಎನಾಮಲ್ ಬಣ್ಣ ಬೀಳುವುದು ಖಚಿತವಾಗಿತ್ತು. ನಾನು ಧೈರ್ಯಗೆಡಲಿಲ್ಲ. ಕಲ್ಲಿನ ಪಕ್ಕ ನಿಲ್ಲುವುದು ಏನು ಮಹಾ ಕೆಲಸ? ಜೀವಮಾನವೆಲ್ಲ ಮಾಡಿದ್ದು ಅದನ್ನೇ.

ಆ ಮಂಗಳವಾರ ಪೆನ್ನಿನ ಮುಚ್ಚಳ ನೆಲಕ್ಕೆ ಬಿತ್ತು. ಬಾಗಿದೆ. ಸೊಂಟದಿಂದ ಹೊರಟ ಒಂದು ಮಿಂಚು ಬಲಪೃಷ್ಠವನ್ನು ದಾಟಿ, ತೊಡೆಯ ಹಿಂಬದಿಯಲ್ಲಿ ಇಳಿದು, ಮೀನಖಂಡವನ್ನು ಹಾದು, ಕಿರುಬೆರಳಿನಲ್ಲಿ ಮುಕ್ತಾಯಗೊಂಡಿತು. ನಾನು ಬಾಗಿದಲ್ಲೇ ಉಳಿದೆ. ಮುಚ್ಚಳವೂ ಬಿದ್ದಲ್ಲೇ ಉಳಿಯಿತು.

ನನ್ನ ಹೆಂಡತಿ ಪಾರ್ವತಿ ಅಡುಗೆಮನೆಯಿಂದ ಬಂದು ನೋಡಿದಳು. "ಏನ್ರಿ ಅದು, ನಮಸ್ಕಾರ ಮಾಡ್ತೀರೋ, ಏನನ್ನಾದ್ರೂ ಹುಡುಕ್ತೀರೋ?"

"ಪಾರ್ವತಿ, ನನಗೆ ಈ ಕ್ಷಣದಲ್ಲಿ ನೋವು ಆರಂಭವಾಗಿದೆ."

"ಈಗ ಎಲ್ಲಿ ಆರಂಭ? ಹಬ್ಬದ ಹಿಂದಿನ ದಿನ ಗ್ಯಾಸ್ ಸಿಲಿಂಡರ್ ಎತ್ತಿದಾಗ್ಲೇ ಅಯ್ಯೋ ಅಂದಿದ್ರಿ."

"ಅದು ಸ್ನಾಯುವಿನ ಸೆಳೆತ. ಇದು ಬೇರೆ."

"ಎರಡೂ ನಿಮ್ಮ ಸೊಂಟವೇ ಅಲ್ವಾ?"

ಇಲ್ಲಿ ಮೂಲಭೂತವಾದ ಪ್ರಶ್ನೆಯೊಂದು ತಲೆಯೆತ್ತಿತು. ರೋಗದ ಆರಂಭದ ದಿನ ನಿರ್ಣಯವಾಗದೆ ರೋಗವನ್ನು ಅರ್ಥಮಾಡಿಕೊಳ್ಳುವುದು ಹೇಗೆ? ನಾನು ಮೇಜಿಗೆ ಒರಗಿಕೊಂಡು ಪಂಚಾಂಗ ತರಿಸಿದೆ. ಸಿಲಿಂಡರ್ ಎತ್ತಿದ್ದು ಹಬ್ಬದ ಹಿಂದಿನ ದಿನವಲ್ಲ, ಅದರ ಹಿಂದಿನ ದಿನ ಎಂಬುದನ್ನು ಗ್ಯಾಸ್ ಕಂಪನಿಯಿಂದ ಬಂದ ಮೆಸೇಜಿನಿಂದ ಸಾಬೀತುಪಡಿಸಿದೆ. ಪಾರ್ವತಿ ಮೆಸೇಜು ತಡವಾಗಿ ಬಂದಿರಬಹುದೆಂದಳು. ಮಧ್ಯಾಹ್ನದ ಊಟದ ಹೊತ್ತಿಗೆ ಸಿಲಿಂಡರಿನ ದಿನ ನಿಶ್ಚಿತವಾಯಿತು. ನನ್ನ ಸೊಂಟ ಮಾತ್ರ ನೆಟ್ಟಗಾಗಿರಲಿಲ್ಲ.

ಪಕ್ಕದ ಮನೆಯ ಮಲ್ಲೇಶಪ್ಪನಿಗೆ ಸಿಮೆಂಟ್ ಅಂಗಡಿಯಿದೆ. ಸಲಹೆಗಳನ್ನೂ ಮೂಟೆಗಟ್ಟಲೆ ಇಟ್ಟಿರುತ್ತಾನೆ. ಮರುದಿನ ಕಾಂಪೌಂಡಿನ ಆಚೆಯಿಂದಲೇ ರೋಗ ಗುರುತಿಸಿದ.

"ಸಾರ್, ಇದು ನರ ಹಿಡ್ಕಂಡಿರೋದು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮ್ಯಾಲೆ ಬಿಸಿ ಮಾಡಿ ಸೊಂಟಕ್ಕೆ ಕಟ್ರಿ. ನಾಳೆ ಕೋಟೆ ಹತ್ತೀರಿ."

ನಾನು ಒಂದು ಆಧಾರವನ್ನು ನಂಬುವವನಲ್ಲ ಎಂದು ಅವನಿಗೆ ವಿವರಿಸಿದೆ. ಅಷ್ಟರಲ್ಲಿ ಹೊಸದುರ್ಗದಿಂದ ಪಾರ್ವತಿಯ ಅಕ್ಕ ಫೋನು ಮಾಡಿದರು. ಅವರೂ ಎಕ್ಕದ ಎಲೆ ಎಂದರು, ಹರಳೆಣ್ಣೆ ಎಂದರು, ಹೆಂಚು ಎಂದರು. ನನಗೆ ರೋಮಾಂಚನವಾಯಿತು. ಬೇರೆ ಬೇರೆ ತಾಲ್ಲೂಕುಗಳ ಎರಡು ಆಕರಗಳು ಎಲೆ ಎಣ್ಣೆಗಳ ಸಮೇತ ಒಂದೇ ಪಾಠವನ್ನು ಕೊಡುತ್ತಿವೆ! ಇಂಥ ಪುರಾವೆ ಎಷ್ಟೋ ರಾಜರಿಗೂ ಸಿಕ್ಕಿಲ್ಲ.

ಎಲೆ ಕಟ್ಟಿಸಿಕೊಂಡು ಮಲಗಿದೆ. ಸಂಜೆಯ ಹೊತ್ತಿಗೆ ಸೊಂಟದ ಚರ್ಮ ಕೆಂಪಗಾಗಿ ಉರಿಯತೊಡಗಿತು. ಒಳಗೆ ನೋವು ಹಾಗೆಯೇ ಇದ್ದು, ಹೊರಗೆ ಹೊಸದೊಂದು ನೋವು ಸ್ವತಂತ್ರವಾಗಿ ಸ್ಥಾಪಿತವಾಯಿತು. ಮಲ್ಲೇಶಪ್ಪನನ್ನು ಕರೆಸಿ, ಈ ಮದ್ದಿನ ಮೂಲ ಯಾವುದೆಂದು ಕೇಳಿದೆ.

"ನಿಮ್ಮ ಹೊಸದುರ್ಗದ ಅಕ್ಕಾರೇ ಹೇಳಿದ್ದಲ್ವಾ ಸಾರ್. ಹೋದ ಸಲ ಬಂದಾಗ, ಇದೇ ಕಾಂಪೌಂಡ್ ಹತ್ರ."

ಹೊಸದುರ್ಗಕ್ಕೆ ಫೋನು ಹಚ್ಚಿದೆ. "ಅಕ್ಕಾ, ಎಕ್ಕದ ಎಲೆಯ ವಿಚಾರ ನಿಮಗೆ ಯಾರು ಹೇಳಿದ್ದು?"

"ನಿಮ್ಮ ಪಕ್ಕದ ಮನೆ ಮಲ್ಲೇಶಪ್ಪ ಅಲ್ವೇನ್ರಿ. ಯಾಕೆ, ಆರಾಮಾತೇನು?"

ಅವರಿಗೆ ಅವನು ಆಧಾರ, ಅವನಿಗೆ ಅವರು ಆಧಾರ. ಇಂಥ ಅಡಿಟಿಪ್ಪಣಿಗಳನ್ನು ನಾನು ವಿದ್ವತ್ ಪತ್ರಿಕೆಗಳಲ್ಲಿ ಅನೇಕ ಬಾರಿ ಕಂಡಿದ್ದೆ. ಸೊಂಟದ ಮೇಲೆ ಕಂಡದ್ದು ಅದೇ ಮೊದಲು.

"ಸುಮ್ನೆ ಡಾಕ್ಟರ್ ಹತ್ರ ಹೋಗಾಣ ನಡೀರಿ" ಎಂದಳು ಪಾರ್ವತಿ.

ಹೋಗಲು ನನ್ನ ಅಭ್ಯಂತರವಿರಲಿಲ್ಲ. ಆದರೆ ವೈದ್ಯರು ಮೊದಲು ಕೇಳುವುದೇ ನೋವು ಎಲ್ಲೆಲ್ಲಿದೆ ಎಂದು. ನೋವಿರುವುದು ಹಿಂಬದಿಯಲ್ಲಿ, ನಾನು ಅದನ್ನು ಪ್ರತ್ಯಕ್ಷ ಕಂಡಿಲ್ಲ. ಕಾಣದ ವಸ್ತುವಿನ ಬಗ್ಗೆ ಹೇಳಿಕೆ ಕೊಡುವುದು ನನ್ನಿಂದಾಗದು. ಶಾಸನಗಳ ವಿಷಯದಲ್ಲಿ ಇದಕ್ಕೊಂದು ಸಿದ್ಧ ಕ್ರಮವಿದೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಗಡುಸಾದ ಬ್ರಷ್ಷಿನಿಂದ ಬಡಿದು ಕೂರಿಸಿ, ಮೇಲೆ ಮಸಿ ತಟ್ಟಿ ತೆಗೆದರೆ ಕಲ್ಲಿನಲ್ಲಿರುವುದು ಕಾಗದಕ್ಕೆ ಬರುತ್ತದೆ. ಇದನ್ನು ಪಡಿಯಚ್ಚು ಎನ್ನುತ್ತೇವೆ. ಅಟ್ಟದ ಮೇಲಿನ ನನ್ನ ಹಳೆಯ ಪೆಟ್ಟಿಗೆಯಲ್ಲಿ ಕಾಗದ, ಬ್ರಷ್ಷು, ಮಸಿ ಎಲ್ಲವೂ ಇದ್ದವು.

"ನಿಮ್ಮ ಬೆನ್ನಿನ ಅಚ್ಚು ತೆಗೀಬೇಕಾ?" ಪಾರ್ವತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಮ್ಮಪ್ಪ ನಿಮ್ಮ ಜಾತಕ ನೋಡಿದ್ರು, ತಲೆ ನೋಡ್ಲಿಲ್ಲ."

"ನೀನು ಬೆರಳಿನಿಂದ ಒತ್ತುತ್ತಾ ಬಾ. ನೋವಿರುವ ಕಡೆ ನಾನು ಹೇಳುತ್ತೇನೆ. ಅಲ್ಲಿ ಮಸಿಯ ಬೊಟ್ಟಿಡು. ಆಮೇಲೆ ಕಾಗದ ಹಾಕಿ ಬ್ರಷ್ಷಿನಿಂದ ಬಡಿ. ನೋವಿನ ಅಧಿಕೃತ ಪ್ರತಿ ಸಿಗುತ್ತದೆ."

ಗುರುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಬೋರಲಾಗಿ ಮಲಗಿದೆ. ಬೊಟ್ಟಿಡುವ ಹಂತ ಗಂಭೀರವಾಗಿ ನಡೆಯಿತು. ಆದರೆ ಬಡಿಯುವ ಹಂತದಲ್ಲಿ ಪಾರ್ವತಿ ತೋರಿದ ಉತ್ಸಾಹವನ್ನು ನಾನು ನಿರೀಕ್ಷಿಸಿರಲಿಲ್ಲ. ಎಷ್ಟೋ ವರ್ಷಗಳ ಹಿಂದಿನ ಮಾತುಗಳೆಲ್ಲ ಆ ಬ್ರಷ್ಷಿನ ತುದಿಗೆ ಬಂದಂತಿತ್ತು. ನನ್ನ ಕೂಗಿಗೆ ಮಲ್ಲೇಶಪ್ಪ ಕಾಂಪೌಂಡ್ ಹಾರಿ ಬಂದ. ಮೇಜಿನ ಮೇಲೆ ಬರಿಮೈಯಲ್ಲಿ ನಾನು, ನನ್ನ ಮೇಲೆ ಒದ್ದೆ ಕಾಗದ, ಕೈಯಲ್ಲಿ ಬ್ರಷ್ಷು ಎತ್ತಿದ ಪಾರ್ವತಿ.

"ಅಕ್ಕಾರೆ, ಏನೇ ಇರ್ಲಿ, ಕುಂತು ಮಾತಾಡಾಣ" ಎಂದ.

ವಿಷಯ ತಿಳಿದ ಮೇಲೆ ಅಚ್ಚನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಸಾರ್, ಇದು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗೋ ರಸ್ತೆ ಇದ್ದಂಗೈತೆ. ಇಲ್ಲಿ ದಪ್ಪಗೈತಲ್ಲ, ಇಲ್ಲೇ ನಮ್ಮ ಲಗೇಜ್ ಆಟೋ ಪಂಕ್ಚರ್ ಆಗಿದ್ದು."

ಮಸಿಯನ್ನು ತೊಳೆಯಲು ಹೋದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಎಕ್ಕದ ಎಲೆಯ ಜೊತೆ ಸವರಿದ್ದ ಹರಳೆಣ್ಣೆ ಮಸಿಯೊಡನೆ ಕೂಡಿ ಎಂಥ ಸೋಪಿಗೂ ಜಗ್ಗದ ಲೇಪವಾಗಿತ್ತು. ಪುರಾತನರು ಈ ಮಿಶ್ರಣವನ್ನು ಬಳಸಿದ್ದರೆ ನಮ್ಮ ಓಲೆಗರಿಗಳು ಒಂದೂ ಅಳಿಯುತ್ತಿರಲಿಲ್ಲ.

ಸಂಜೆ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮನ ಮೇಜಿನ ಮೇಲೆ ನಾನು ಪಡಿಯಚ್ಚನ್ನು ಬಿಡಿಸಿ ಹರಡಿದೆ.

"ಏನಿದು?"

"ನನ್ನ ನೋವು."

ಆಕೆ ಪಾರ್ವತಿಯತ್ತ ನೋಡಿದರು. ಪಾರ್ವತಿ ಗೋಡೆಯ ಕ್ಯಾಲೆಂಡರಿನತ್ತ ನೋಡಿದಳು.

"ಎಷ್ಟು ದಿನದಿಂದ ಐತೆ?" ಎಂದು ಡಾಕ್ಟರಮ್ಮ ಕೇಳಿದರು.

"ಈ ಬಗ್ಗೆ ಎರಡು ಅಭಿಪ್ರಾಯಗಳಿವೆ" ಎಂದು ನಾನು ಪ್ರಾರಂಭಿಸಿದೆ. ಮೊದಲನೆಯ ಅಭಿಪ್ರಾಯದ ಪೂರ್ವಪೀಠಿಕೆಯಲ್ಲಿರುವಾಗಲೇ ಅವರು ನನ್ನನ್ನು ಮಲಗಿಸಿ, ಬಲಗಾಲನ್ನು ಮಂಡಿ ಮಡಿಸದಂತೆ ನೆಟ್ಟಗೆ ಮೇಲಕ್ಕೆತ್ತಿದರು. ನಾನು ಪೂರ್ವಪೀಠಿಕೆಯನ್ನು ಕೈಬಿಟ್ಟು ಕೂಗಿದೆ. ಹೊರಗೆ ಕಾದಿದ್ದವರಲ್ಲಿ ಒಬ್ಬರು ಎದ್ದು ಮನೆಗೆ ಹೋದರೆಂದು ಆಮೇಲೆ ತಿಳಿಯಿತು.

ಅವರು ನನ್ನ ಪಾದದ ಬಲವನ್ನೂ ಸ್ಪರ್ಶಜ್ಞಾನವನ್ನೂ ಪರೀಕ್ಷಿಸಿ, ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ಸೊಂಟದ ಚರ್ಮ ಕೆಂಪಾದದ್ದೇಕೆಂದು ಕೇಳಿ ತಿಳಿದರು. "ಸಯಾಟಿಕಾ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆ ಬಿಲ್ಲೆಗಳು ಇರ್ತವೆ. ಒಂದು ಬಿಲ್ಲೆ ಉಬ್ಬಿ, ಕಾಲಿಗೆ ಹೋಗೋ ದೊಡ್ಡ ನರದ ಬೇರನ್ನ ಒತ್ತತಾ ಐತೆ. ನೋವು ಓಡಾಡೋದು ಕಾಲಲ್ಲಿ, ಮೂಲ ಇರೋದು ಸೊಂಟದಲ್ಲಿ."

ಮೂಲ ಎಂಬ ಶಬ್ದ ಕೇಳಿ ನನಗೆ ಸಮಾಧಾನವಾಯಿತು. ಆಯುರ್ವೇದದಲ್ಲಿ ಇದನ್ನು ಗೃಧ್ರಸಿ ಎನ್ನುತ್ತಾರೆ, ರೋಗಿಯು ಹದ್ದಿನಂತೆ ಕಾಲೆಳೆದು ನಡೆಯುವುದರಿಂದ ಆ ಹೆಸರು ಎಂದು ನಾನು ತಿಳಿಸಿದೆ.

"ಹದ್ದೋ ಗುಬ್ಬಿಯೋ, ಹಾಸಿಗೆ ಹಿಡಿದು ಮಲಗಬೇಡಿ. ಆದಷ್ಟು ಓಡಾಡಿ. ಬಾಗಿ ಭಾರ ಎತ್ತಬೇಡಿ, ಬಹಳ ಹೊತ್ತು ಕೂರಬೇಡಿ. ನೋವಿಗೆ ಮಾತ್ರೆ ಕೊಡ್ತೀನಿ. ಎರಡು ವ್ಯಾಯಾಮ ತೋರಿಸ್ತೀನಿ, ನಿಧಾನಕ್ಕೆ, ಸ್ವಲ್ಪ ಸ್ವಲ್ಪ ಮಾಡಿ. ಮೂತ್ರ ಕಟ್ಟಿದ್ರೆ, ತೊಡೆಸಂದಿ ಜೋಮು ಹಿಡಿದ್ರೆ, ಪಾದ ಎತ್ತೋಕಾಗದೆ ಹೋದ್ರೆ ಮಾತ್ರ ತಕ್ಷಣ ಆಸ್ಪತ್ರೆಗೆ ಬನ್ನಿ. ಇಲ್ಲಾಂದ್ರೆ ಬಹಳ ಮಂದಿಗೆ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ. ಎಕ್ಕದ ಎಲೆ ಮತ್ತೆ ಮುಟ್ಟಬೇಡಿ."

"ಭಾನುವಾರದೊಳಗೆ ಇಳಿಯುತ್ತದೆಯೇ?"

"ನಾನು ವಾರಗಳು ಅಂದೆ, ಭಾನುವಾರ ಅನ್ನಲಿಲ್ಲ."

"ಇದಕ್ಕೆ ಎರಡನೆಯ ಆಧಾರವೇನಾದರೂ..."

"ಕಾಲು ಇನ್ನೊಂದ್ಸಲ ಎತ್ತಲಾ?"

ನಾನು ಆ ಅಭಿಪ್ರಾಯವನ್ನು ಸದ್ಯಕ್ಕೆ ಅಂಗೀಕರಿಸಿ ಹೊರಬಂದೆ.

ದಾರಿಯಲ್ಲಿ ನನಗೊಂದು ಅತಿಶಯವಾದ ಉಪಾಯ ಹೊಳೆಯಿತು. ಕೆಲವು ವಾರಗಳ ವ್ಯಾಯಾಮದಿಂದ ಗುಣವಾಗುವುದಾದರೆ, ಆ ಅಷ್ಟೂ ವ್ಯಾಯಾಮವನ್ನು ಶುಕ್ರವಾರ ಮತ್ತು ಶನಿವಾರಗಳಲ್ಲಿ ಮಾಡಿ ಮುಗಿಸಿದರೆ? ದೊಡ್ಡ ಗ್ರಂಥದ ಸಂಗ್ರಹರೂಪವನ್ನು ಸಿದ್ಧಪಡಿಸುವುದರಲ್ಲಿ ನನಗೆ ಅನುಭವವಿತ್ತು. ಪಾರ್ವತಿಗೆ ಹೇಳಿದೆ.

"ಒಂದು ತಿಂಗಳ ಊಟ ಇವತ್ತೇ ಬಡಿಸಿಬಿಡ್ಲಾ?" ಎಂದಳು.

ಅವಳದು ವೈದ್ಯಕೀಯ ಹೇಳಿಕೆಯಲ್ಲವಾದ್ದರಿಂದ ಪರಿಗಣಿಸಲಿಲ್ಲ. ಶುಕ್ರವಾರ ಬೆಳಗಿನಿಂದ ಚಾಪೆಯ ಮೇಲೆ ಮಂಡಿಯನ್ನು ಎದೆಗೆ ಎಳೆದೆ, ಬಿಟ್ಟೆ, ಎಳೆದೆ, ಬಿಟ್ಟೆ. ಸೊಂಟ ಎತ್ತಿದೆ, ಇಳಿಸಿದೆ. ಶನಿವಾರ ಮಧ್ಯಾಹ್ನ, ನನ್ನ ಅಂದಾಜಿನಂತೆ ಮೂರನೆಯ ವಾರದ ಕೊನೆಯಲ್ಲಿದ್ದಾಗ, ಮಂಡಿಯನ್ನು ಎಳೆದವನಿಗೆ ಬಿಡಲಾಗಲಿಲ್ಲ. ಬಿಟ್ಟೆನಾದರೂ ಅದು ತನ್ನ ಜಾಗಕ್ಕೆ ಹೋಗಲಿಲ್ಲ.

ಪಾರ್ವತಿಯೂ ಮಲ್ಲೇಶಪ್ಪನೂ ಸೇರಿ ಎಬ್ಬಿಸಿ ನಿಲ್ಲಿಸಿದರು. ಬಲಗಾಲು ಮಡಿಸಿಕೊಂಡೇ ಇತ್ತು. ಮೈ ಎಡಕ್ಕೆ ವಾಲಿತ್ತು. ಬಲಗೈಯನ್ನು ಸೊಂಟದಿಂದ ತೆಗೆದರೆ ಪ್ರಾಣ ಹೋಗುತ್ತಿತ್ತು. ಎಡಗೈಯನ್ನು ಎತ್ತಿ ಬಾಗಿಲ ಚೌಕಟ್ಟನ್ನು ಹಿಡಿದರೆ ಮಾತ್ರ ಒಂದಿಷ್ಟು ನೆಮ್ಮದಿ. ಪಾದ ಆಡುತ್ತಿತ್ತು, ಜೋಮಿರಲಿಲ್ಲ; ಡಾಕ್ಟರಮ್ಮನ ಎಚ್ಚರಿಕೆಯ ಲಕ್ಷಣಗಳಾವುವೂ ಇಲ್ಲವೆಂದು ಪಾರ್ವತಿ ಅವರಿಗೆ ಫೋನು ಮಾಡಿ ಖಚಿತಪಡಿಸಿಕೊಂಡಳು. ಅವರು ನನಗೆ ಹೇಳಿಕಳಿಸಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

"ಕಾರ್ಯಕ್ರಮಕ್ಕೆ ಹೋಗೋದು ಬೇಡ" ಎಂದಳು ಪಾರ್ವತಿ.

"ಪೇಂಟರು ಡಬ್ಬದೊಡನೆ ನಿಂತಿರುತ್ತಾನೆ" ಎಂದೆ. ಅವಳು ನನ್ನ ಮುಖವನ್ನು ನೋಡಿ, "ಆಯ್ತು, ಹೋಗಾಣ. ಆದ್ರೆ ಹರಳೆಣ್ಣೆ ಬಿಸಿ ಮಾಡಿ ತರ್ತೀನಿ. ಎಲೆ ಇಲ್ಲದೆ ಬರೀ ಎಣ್ಣೆ. ದಾರಿ ಉದ್ದಕ್ಕೂ ನೀವ್ತೀನಿ" ಎಂದಳು.

ಆದರೆ ಹೋಗುವುದು ಹೇಗೆ? ಕಾರಿನಲ್ಲಿ ಕೂರಲಾಗದು. ಬಸ್ಸಿನಲ್ಲಿ ಮಡಿಸಿದ ಕಾಲಿಗೆ ಜಾಗವಿಲ್ಲ. ನಿಂತೇ ಹೋಗಬಹುದಾದ ವಾಹನ ಮಲ್ಲೇಶಪ್ಪನ ಲಗೇಜ್ ಆಟೋ ಒಂದೇ.

ಭಾನುವಾರ ಬೆಳಿಗ್ಗೆ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು, ಸಿಮೆಂಟ್ ಮೂಟೆಗಳ ಜಾಗದಲ್ಲಿ ನಿಂತು, ಎಡಗೈಯಿಂದ ಮೇಲಿನ ಕಂಬಿ ಹಿಡಿದು, ಬಲಗೈ ಸೊಂಟದ ಮೇಲಿಟ್ಟು ಹೊರಟೆ. ಪಕ್ಕದಲ್ಲಿ ಎಣ್ಣೆ ಬಟ್ಟಲು ಹಿಡಿದ ಪಾರ್ವತಿ. ಗಾಳಿಗೆ ಸಿಮೆಂಟಿನ ಧೂಳು ಎದ್ದು ಮೈತುಂಬ ಕೂತಿತು. ಊರ ಬಾಗಿಲಿಗೆ ಬರುವಷ್ಟರಲ್ಲಿ ನಾನು ಶಿಲೆಯ ಬಣ್ಣಕ್ಕೆ ತಿರುಗಿದ್ದೆ. ತೆರೆದ ವಾಹನದಲ್ಲಿ ಕೈಯೆತ್ತಿ ನಿಂತು ಬರುತ್ತಿದ್ದ ನನ್ನನ್ನು ಕಂಡು ಊರವರು ಇದು ಮೆರವಣಿಗೆಯೆಂದು ತಿಳಿದರು. ಎಲ್ಲಿಂದಲೋ ಹಲಗೆ ಬಡಿಯುವವನೊಬ್ಬ ಬಂದ. ಹಲಗೆಯ ಬಡಿತಕ್ಕೆ ಸರಿಯಾಗಿ ಮಲ್ಲೇಶಪ್ಪ ನಿಧಾನಕ್ಕೆ ಓಡಿಸಿದ. ಯಾರೋ ಒಬ್ಬರು ನನ್ನ ಕಾಲಿಗೆ ಹೂವೆಸೆದರು. ಮಡಿಸಿದ ಕಾಲಿಗೇ ಬಿತ್ತು.

ಇಳಿಸುವಾಗ ಹಿಂದಿನಿಂದ ಗುಸುಗುಸು ಕೇಳಿಸಿತು. ಬೆವರಿಗೆ ಬೆನ್ನಿನ ಮಸಿ ಅಂಗಿಗೆ ಇಳಿದು ಮೂಡಿತ್ತು. "ಬೆನ್ನ ಮ್ಯಾಲೆ ಏನೋ ಬರ್ಕಂಡು ಬಂದವ್ರೆ" ಎಂದು ಒಬ್ಬ ಅಜ್ಜ ಹೇಳಿದರು. "ಭಾಷಣ ಇರಬೇಕು, ಮರೀಬಾರದು ಅಂತ" ಎಂದು ಇನ್ನೊಬ್ಬರು ಸಮಾಧಾನ ಹೇಳಿದರು.

ಹನುಮಕ್ಕನವರು ಕೈಮುಗಿದು ಬಂದರು. "ಬರ್ರಿ ಸಾರ್, ಕುಂತ್ಕಳ್ರಿ."

"ಕುಳಿತುಕೊಳ್ಳುವುದಿಲ್ಲ."

"ಇನ್ನೊಬ್ರು ಸಾಹೇಬ್ರೂ ಹಂಗೇ ಅಂದ್ರು" ಎಂದು ಬೇವಿನ ಮರದತ್ತ ತೋರಿಸಿದರು.

ಮರದ ಬುಡದಲ್ಲಿ ಓಬಳೇಶಪ್ಪನವರು ನಿಂತಿದ್ದರು. ಎಡಗಾಲು ಮಡಿಸಿತ್ತು. ಎಡಗೈ ಸೊಂಟದ ಮೇಲಿತ್ತು. ಬಲಗೈ ಮರದ ಕೊಂಬೆ ಹಿಡಿದಿತ್ತು. ನಾವು ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದೆವು. ವರ್ಷಗಳ ನಂತರ ಅವರೇ ಮೊದಲು ಮಾತಾಡಿದರು.

"ರೇವಣಪ್ಪಾರೆ, ನಿಮ್ಮದು ಬಲಗಡೆ?"

"ಬಲಗಡೆ. ತಮ್ಮದು?"

"ಎಡಗಡೆ. ವಾಣಿವಿಲಾಸ ಅಣೆಕಟ್ಟಿನ ಮೆಟ್ಟಿಲಲ್ಲಿ ಮೊಮ್ಮಗಳ ಚಪ್ಪಲಿ ಎತ್ತಕ್ಕೆ ಬಗ್ಗಿದೆ. ಡಾಕ್ಟ್ರು ಬರಬೇಡ ಅಂದಿದ್ರು."

"ನನಗೂ ಅಂದಿದ್ದರು."

"ಎಕ್ಕದ ಎಲೆ ಕಟ್ಟಿದ್ರಾ?"

"ಕಟ್ಟಿದ್ದೆ."

"ಉರೀತು ಅಲ್ವಾ?"

ಹಲವು ಲೇಖನಗಳಲ್ಲಿ ಒಂದು ಅಕ್ಷರಕ್ಕೂ ಒಮ್ಮತಕ್ಕೆ ಬಾರದ ನಾವು ಈ ಒಂದು ವಿಷಯದಲ್ಲಿ ಪೂರ್ಣವಾಗಿ ಒಪ್ಪಿದೆವು. ಆದರೂ ವಿದ್ವತ್ತು ವಿದ್ವತ್ತೇ. ಅವರು ಕಲ್ಲಿನ ಎಡಗಡೆ ಹೋಗಿ ನಿಂತರು, ನಾನು ಬಲಗಡೆ ನಿಂತೆ. ಹನುಮಕ್ಕನವರು ಪರದೆ ಸರಿಸಿದರು. ಬೋರ್ಡಿನ ಮೇಲೆ "ನರ್ತಕನ ಕಲ್ಲು" ಎಂಬ ಅಕ್ಷರಗಳು ಬೆಳಗಿದವು. ಪೇಂಟರು ಡಬ್ಬದ ಮುಚ್ಚಳ ಸಡಿಲಿಸಿಕೊಂಡು ಕಾದ.

"ಮಹನೀಯರೆ" ಎಂದು ನಾನು ಆರಂಭಿಸಿದೆ. "ಈ ಶಿಲ್ಪದ ಭಂಗಿಯನ್ನು ತಾವು ಗಮನಿಸಬೇಕು."

ಎಲ್ಲರೂ ಗಮನಿಸಿದರು. ಕಲ್ಲನ್ನು ನೋಡಿದರು. ನನ್ನನ್ನು ನೋಡಿದರು. ಓಬಳೇಶಪ್ಪನವರನ್ನು ನೋಡಿದರು. ಮತ್ತೆ ಕಲ್ಲನ್ನು ನೋಡಿದರು. ಹಲಗೆ ಬಡಿಯುವವನು ಬಡಿಯುವುದನ್ನು ನಿಲ್ಲಿಸಿದ.

ಆಗ ಪಾರ್ವತಿ ಮುಂದೆ ಬಂದಳು. ನನ್ನ ಲೇಖನವನ್ನು ಅವಳು ಓದಿರಲಿಲ್ಲ, ನಮ್ಮ ಜಗಳದ ವಿಷಯ ಕೇಳಿದ್ದಳಷ್ಟೆ; ಕಲ್ಲನ್ನು ನೋಡುತ್ತಿದ್ದದ್ದೂ ಅಂದೇ ಮೊದಲು.

"ರೀ, ಇವನು ಎಲ್ಲಿ ಕುಣೀತಾನೆ? ಸೊಂಟ ಹಿಡ್ಕಂಡವನೆ."

"ಮುಖದ ಭಾವಪರವಶತೆಯನ್ನು ನೋಡು" ಎಂದೆ, ಮೆಲ್ಲಗೆ.

"ಹಲ್ಲು ಕಚ್ಚಿರೋದು ಅದು. ನಿನ್ನೆಯಿಂದ ನೋಡ್ತಾ ಇದೀನಲ್ಲ." ಅವಳು ಪಕ್ಕದ ಹೆಂಗಸಿನ ಕಡೆಗೆ ತಿರುಗಿದಳು. "ಇವಳು ತಾಳ ಹಾಕೋದಿರ್ಲಿ, ಆರತಿ ಎತ್ತೋದಿರ್ಲಿ, ಮುಖ ನೋಡ್ರಿ ಎಷ್ಟು ಬೇಜಾರಲ್ಲಿದಾಳೆ. ಎಣ್ಣೆ ಬಟ್ಟಲು ಹಿಡ್ಕಂಡು ನಿಂತವಳೆ, ಪಾಪ."

ಹೇಳಿದವಳ ಕೈಯಲ್ಲೂ ಎಣ್ಣೆ ಬಟ್ಟಲಿತ್ತು.

ಓಬಳೇಶಪ್ಪನವರು ಕತ್ತನ್ನು ಮಾತ್ರ ತಿರುಗಿಸಿ, ತಮಗೆ ಸಾಧ್ಯವಾದಷ್ಟು, ಶಿಲ್ಪವನ್ನು ಹೊಸದಾಗಿ ನೋಡಿದರು. "ಎಡಗೈ ಮೇಲಿರೋದು ಕಂಬ ಹಿಡಿಯೋಕೆ. ಕಂಬ ಸವೆದೈತೆ" ಎಂದರು. ಅವರ ದನಿಯಲ್ಲಿ ಸೋಲಿತ್ತು. ಜೊತೆಗೆ ನಾನೂ ಸೋತೆನೆಂಬ ಸಮಾಧಾನವೂ ಇತ್ತು.

ನಾನು ಪ್ರತಿವಾದಕ್ಕೆಂದು ಕಲ್ಲಿನತ್ತ ಬೆರಳು ತೋರಿಸಲು ಬಲಗೈಯನ್ನು ಸೊಂಟದಿಂದ ತೆಗೆದೆ. ಅದು ತೆಗೆಯಬಾರದಾಗಿದ್ದ ಕೈ. ಕಾಲಿನಲ್ಲಿ ಮಿಂಚು ಹರಿಯಿತು, ಮುಗ್ಗರಿಸಿದೆ, ಪಾರ್ವತಿ ಹಿಡಿಯಲು ಬಂದಳು, ಬಟ್ಟಲು ಹಾರಿತು. ಬೆಚ್ಚನೆಯ ಹರಳೆಣ್ಣೆ ಅಷ್ಟೂ ಕಲ್ಲಿನವನ ಸೊಂಟದ ಮೇಲೆ ಸುರಿದು ಬಲಗಾಲಿನುದ್ದಕ್ಕೂ ಕಿರುಬೆರಳಿನವರೆಗೆ ಹರಿಯಿತು. ನಾನು ಕಲ್ಲನ್ನು ತಬ್ಬಿಕೊಂಡು ಜಾರಿದೆ. ಜಾರುವಾಗ ಬೆನ್ನಿನಲ್ಲಿ ಚಟ್ಟೆಂಬ ಸದ್ದಾಯಿತು. ಮುಂದಿನ ಸಾಲಿನವರಿಗೆಲ್ಲ ಕೇಳಿಸಿತಂತೆ.

ನಾನು ಎದ್ದು ನಿಂತೆ. ಎರಡು ಕಾಲಿನ ಮೇಲೆ!

ನೋವು ಹೋಗಿರಲಿಲ್ಲ, ಮೈ ಮಾತ್ರ ತಾತ್ಕಾಲಿಕವಾಗಿ ನೆಟ್ಟಗಾಗಿತ್ತು. ಈ ಸೂಕ್ಷ್ಮ ವ್ಯತ್ಯಾಸವನ್ನು ಸಭೆಗೆ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಹಲಗೆ ಜೋರಾಗಿ ಬಡಿಯತೊಡಗಿತ್ತು. ಹನುಮಕ್ಕನವರು ಕಲ್ಲಿಗೆ ಕೈಮುಗಿದರು. ಬೆನ್ನ ಮೇಲೆ ಬರೆದುಕೊಂಡು ಬಂದವರೆಂದು ನನ್ನನ್ನು ಗುರುತಿಸಿದ್ದ ಅಜ್ಜ, ಓಬಳೇಶಪ್ಪನವರ ಹಿಂದೆ ಹೋಗಿ, "ನೀವೂ ಒಂದು ಸಲ ತಬ್ಕಳ್ರಿ ಸಾಹೇಬ್ರೆ" ಎಂದು ಒತ್ತಾಯಿಸಿದರು. ಆ ಮಹಾವಿದ್ವಾಂಸರು ಅತ್ತಿತ್ತ ನೋಡಿ, ಕನ್ನಡಕ ತೆಗೆದು ಜೇಬಿನಲ್ಲಿಟ್ಟು, ಕಲ್ಲನ್ನು ತಬ್ಬಿಕೊಂಡರು.

ಪೇಂಟರು ಡಬ್ಬ ತೆರೆದ.

ಈಗ ಆ ಬೋರ್ಡಿನ ಮೇಲೆ "ಶ್ರೀ ಸೊಂಟದಯ್ಯ ಸ್ವಾಮಿ" ಎಂದಿದೆ. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಮಹಿಮೆಯನ್ನು ಪ್ರಕಟಪಡಿಸಿದವರೆಂದು ನನ್ನ ಹೆಸರೂ ಓಬಳೇಶಪ್ಪನವರ ಹೆಸರೂ ಒಟ್ಟಿಗೆ ಇವೆ. ಸೋಮವಾರಗಳಂದು ಭರಮಸಾಗರ, ಸಿರಿಗೆರೆ ಕಡೆಯಿಂದಲೂ ಜನ ಸೊಂಟ ಹಿಡಿದುಕೊಂಡು ಬಂದು ಎಣ್ಣೆ ಹಾಕುತ್ತಾರೆ. ಪಕ್ಕದ ಹೆಂಗಸಿಗೂ ಅರಿಶಿನ ಕುಂಕುಮ ಸಲ್ಲುತ್ತದೆ. ಅದು ನ್ಯಾಯವೇ ಎಂದು ಪಾರ್ವತಿ ಹೇಳುತ್ತಾಳೆ. ಮಲ್ಲೇಶಪ್ಪನ ಲಗೇಜ್ ಆಟೋ ಸೋಮವಾರ ಸಿಮೆಂಟ್ ಸಾಗಿಸುವುದಿಲ್ಲ.

ನನ್ನ ನೋವು ಡಾಕ್ಟರಮ್ಮ ಹೇಳಿದಂತೆಯೇ ಕೆಲವು ವಾರಗಳಲ್ಲಿ ಇಳಿಯಿತು. ಅವರು ಹೇಳಿದ ಪ್ರಮಾಣದಲ್ಲಿ ವ್ಯಾಯಾಮ ಮಾಡಿದೆ, ದಿನವೂ ನಡೆದೆ, ಬಾಗುವ ಮುನ್ನ ಮಂಡಿ ಮಡಿಸುವುದನ್ನು ಕಲಿತೆ. ಗುಣವಾದದ್ದು ಚಿಕಿತ್ಸೆಯಿಂದ ಮಾತ್ರ ಎಂದು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತಿದ್ದೇನೆ.

ಮೊನ್ನೆ ಹನುಮಕ್ಕನವರು ಫೋನು ಮಾಡಿ, ಸ್ವಾಮಿಯ ಸ್ಥಳಪುರಾಣವನ್ನು ನಾನೇ ಬರೆದುಕೊಡಬೇಕೆಂದರು. ಪೂಜೆ ಯಾವ ಕಾಲದಿಂದ ನಡೆದುಬಂದಿದೆ ಎಂದು ಬಂದವರೆಲ್ಲ ಕೇಳುತ್ತಾರಂತೆ. ನನ್ನ ವೃತ್ತಿಜೀವನದಲ್ಲಿ ಯಾವುದೇ ಆರಾಧನೆಯ ಆರಂಭದ ದಿನ ನನಗೆ ಇಷ್ಟು ನಿಖರವಾಗಿ ತಿಳಿದದ್ದಿಲ್ಲ. ವಾರ, ತಿಥಿ, ಹೊತ್ತು ಎಲ್ಲವೂ ಗೊತ್ತು. ಆದ್ದರಿಂದ ಒಂದು ತಿದ್ದುಪಡಿಯೊಡನೆ ಬರೆಯಲು ಕುಳಿತೆ: ಮೊದಲನೆಯ ಎಣ್ಣೆ ಕೇವಲ ಕೈತಪ್ಪಿ ಬಿದ್ದದ್ದು, ಅದರಲ್ಲಿ ಭಕ್ತಿಯ ಅಂಶವಿರಲಿಲ್ಲ.

ಹಿಂದೆ ನಿಂತು ಓದುತ್ತಿದ್ದ ಪಾರ್ವತಿ ಕೇಳಿದಳು. "ಮತ್ತೆ ಆಮೇಲಿನ ಸೋಮವಾರ, ಯಾರೂ ಏಳೋಕೆ ಮುಂಚೆ ಮಲ್ಲೇಶಪ್ಪನ ಆಟೋದಲ್ಲಿ ಹೋಗಿ ಹಾಕಿ ಬಂದ್ರಲ್ಲ, ಅದು?"

"ಅದಕ್ಕೆ ಆಧಾರವಿಲ್ಲ" ಎಂದೆ.

ಅವಳು ಕಾಂಪೌಂಡಿನತ್ತ ತಿರುಗಿ ಮಲ್ಲೇಶಪ್ಪನನ್ನು ಕೂಗಿದಳು.

ಎರಡು ಆಧಾರಗಳಾದವು. ಎರಡೂ ಸ್ವತಂತ್ರ.